ಹೊಟ್ಟೆಯೊಳಗಿನ ಕೂಸಿಗೆ ಹೆಂಡ ಬೇಡ
(ಹೆಣ್ಣುಮಕ್ಕಳ ಸಭೆಯಲ್ಲಿ ಆಡಿದ ಮಾತು)



ಮಂಡ್ಯ, ಮದ್ದೂರು, ಮಳವಳ್ಳಿಯ ಕೇರಿಗಳಲ್ಲಿ ನಾವು ಈ ವಿಷಯ ಎತ್ತಿದಾಗ ಹಿರಿಯ ತಾಯಂದಿರು ಕೇಳುವುದು ಒಂದೇ ಮಾತು: 'ಕಬ್ಬಿನ ಗದ್ದೇಲಿ ದುಡಿದು ಮೈ ನೋಯ್ತದೆ. ಬಸುರಿ ಒಂದು ಗುಟುಕು ಕುಡುದ್ರೆ ಏನಾಯ್ತದೆ ಮಗಾ?'

ನೋವು ಸುಳ್ಳಲ್ಲ ತಾಯಿ. ಆದರೆ ನೀವು ಕುಡಿದದ್ದು ರಕ್ತಕ್ಕೆ ಸೇರಿ, ಮಾಸು ದಾಟಿ, ಹೊಕ್ಕುಳಬಳ್ಳಿ ಹಿಡಿದು ಕೂಸಿಗೂ ಹೋಗುತ್ತದೆ. ಅದನ್ನು ಅರಗಿಸುವ ಶಕ್ತಿ ಕೂಸಿನ ಎಳೆಯ ಲಿವರಿಗಿಲ್ಲ. ಒಂಬತ್ತು ತಿಂಗಳೂ ಬೆಳೆಯುತ್ತಿರುವ ಮೆದುಳಿಗೆ ಪೆಟ್ಟು ಬೀಳುತ್ತದೆ.

1973ರಲ್ಲಿ ಅಮೆರಿಕದ ಸಿಯಾಟಲ್ ನಗರದ ಡಾಕ್ಟರುಗಳಾದ ಜೋನ್ಸ್ ಮತ್ತು ಸ್ಮಿತ್ ಇಂಥ ಮಕ್ಕಳ ಲಕ್ಷಣ ಬರೆದು ಇದಕ್ಕೊಂದು ಹೆಸರಿಟ್ಟರು. ತೂಕ ಕಮ್ಮಿ, ತಲೆ ಚಿಕ್ಕದು, ಮೇಲ್ದುಟಿ ತೆಳು. ಮುಖದಲ್ಲಿ ಏನೂ ಕಾಣದೆ ಮೆದುಳಿಗೆ ಮಾತ್ರ ಪೆಟ್ಟಾಗಿರುವ ಮಕ್ಕಳೂ ಇದ್ದಾರೆ. ಇವತ್ತು ಕಲಿತದ್ದು ನಾಳೆ ನೆನಪಿರಲ್ಲ, ಲೆಕ್ಕ ಹತ್ತಲ್ಲ, ಕೂತಲ್ಲಿ ಕೂರಲ್ಲ. ಮೇಷ್ಟ್ರು ದಡ್ಡ ಅಂತಾರೆ. ಊರಿನವರು 'ನಿಮ್ಮ ಜಾತಿಗೆ ಓದು ಎಲ್ಲಿ ಹತ್ತುತ್ತೆ' ಅಂತಾರೆ. ಇದು ಜಾತಿಯಲ್ಲ, ಹಣೆಬರಹವೂ ಅಲ್ಲ. ಬಂಗಲೆಯ ಬಸುರಿ ಬೀರು ಕುಡಿದರೂ ಇದೇ ಅಪಾಯ. ಓದಿನಲ್ಲಿ ಹಿಂದೆ ಬಿದ್ದ ಮಗುವೆಲ್ಲ ಹೀಗೇ ಅಂತಲೂ ಅಲ್ಲ. ಹಸಿವು, ರಕ್ತ ಕಮ್ಮಿಯೂ ಕಾರಣ.

ಇಷ್ಟು ಕುಡಿದರೆ ತೊಂದರೆಯಿಲ್ಲ ಅನ್ನುವ ಅಳತೆಯೇ ಇಲ್ಲ. ಹೆಂಡ, ಬ್ರಾಂದಿ, ಬೀರು ಎಲ್ಲಾ ಒಂದೇ. ಬಿದ್ದ ಪೆಟ್ಟನ್ನು ಅಳಿಸುವ ಔಷಧಿ ಇಲ್ಲ. ಆದರೆ ಯಾವ ತಿಂಗಳಲ್ಲಿ ಬಿಟ್ಟರೂ ಕೂಸಿಗೆ ಒಳ್ಳೆಯದೇ. ಕುಡಿಯದಿದ್ದರೆ ಕೈ ನಡುಗುವಷ್ಟು ಚಟ ಇದ್ದವರು ಡಾಕ್ಟರನ್ನು ಕಂಡೇ ಬಿಡಬೇಕು.

ನಾವು ತಾಯಿಯನ್ನು ಬಯ್ಯಲು ಬಂದಿಲ್ಲ. ಹೆಂಡ ಬೇಡ, ವಸತಿ ಶಾಲೆ ಬೇಕು ಅಂತ ದಲಿತ ಸಂಘರ್ಷ ಸಮಿತಿ 1980ರ ದಶಕದಲ್ಲೇ ಕೂಗಿತು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಆ ಜಾಗಕ್ಕೆ ಅಗ್ಗದ ವಿಸ್ಕಿ ಪ್ಯಾಕೆಟ್ಟು ಬಂತು. ಸಂವಿಧಾನದ 47ನೇ ವಿಧಿ ಜನರ ಪೌಷ್ಟಿಕತೆ, ಆರೋಗ್ಯ, ಪಾನನಿಷೇಧ ಮೂರನ್ನೂ ಒಟ್ಟಿಗೆ ಸರ್ಕಾರದ ಹೆಗಲಿಗೆ ಹಾಕಿದೆ. ಸರ್ಕಾರವೋ ಅಬಕಾರಿ ದುಡ್ಡು ಎಣಿಸುತ್ತಾ ಕೂತಿದೆ.

ನಮ್ಮ ಬೇಡಿಕೆ ಇಷ್ಟು. ತಾಯಿ ಕಾರ್ಡು ಬರೆಯುವ ದಿನವೇ ನರ್ಸಮ್ಮ, ಆಶಾ ಕಾರ್ಯಕರ್ತೆ ಬಸುರಿಯನ್ನು ಗದರಿಸದೆ ಈ ವಿಷಯ ಕೇಳಬೇಕು, ತಿಳಿಸಬೇಕು. ಬಸುರಿಗೆ ಹೊಟ್ಟೆ ತುಂಬ ಊಟ, ಮೈಗೆ ಬಿಡುವು ಸಿಗಬೇಕು. ಇನ್ನು ಗಂಡಸರೇ, ಮೊದಲು ನೀವು ಲೋಟ ಕೆಳಗಿಡಿ. ಗಂಡ ಎದುರಿಗೆ ಕೂತು ಕುಡಿಯುವ ಮನೆಯಲ್ಲಿ ಹೆಂಡತಿ ಹೇಗೆ ಬಿಟ್ಟಾಳು?

ನಮ್ಮ ಮಕ್ಕಳು ಶಾಲೆಯ ಬಾಗಿಲು ತಲುಪಲು ತಲೆಮಾರುಗಳೇ ಹಿಡಿದವು. ಹುಟ್ಟುವ ಮುಂಚೆಯೇ ಆ ಬಾಗಿಲು ಮುಚ್ಚದಿರಲಿ.

ಜೈ ಭೀಮ್.