ಯಾರು ಈ ಯವನರು?



ಅಶೋಕನ ಶಾಸನಗಳಲ್ಲಿ 'ಅಂತಿಯೋಕ' ಎಂಬ ಯೋನರಾಜನ ಹೆಸರು ಬರುತ್ತದೆ. ಈತ ಸಿರಿಯಾ ಕಡೆಯ ಗ್ರೀಕ್ ದೊರೆ ಆಂಟಿಯೋಕಸ್. ಪ್ರಾಕೃತದ ಈ ಯೋನನೇ ಸಂಸ್ಕೃತದ ಯವನ.

ಹೆಸರಿನ ಬೇರು ಇರುವುದು ಇಂದಿನ ಟರ್ಕಿಯ ಪಶ್ಚಿಮ ಕರಾವಳಿಯಲ್ಲಿ. ಮಿಲೆಟಸ್, ಎಫೆಸಸ್ ಮೊದಲಾದ ಪಟ್ಟಣಗಳ ಗ್ರೀಕರನ್ನು ಅಯೋನಿಯನ್ನರು ಎನ್ನುತ್ತಿದ್ದರು. ಕ್ರಿ.ಪೂ. 6ನೇ ಶತಮಾನದಲ್ಲಿ ಪರ್ಷಿಯದ ಸೈರಸ್ ಆ ಕರಾವಳಿಯನ್ನು ಗೆದ್ದ. ಪರ್ಷಿಯನ್ನರಿಗೆ ಹತ್ತಿರದ ಗ್ರೀಕರು ಇವರೇ ಆದ್ದರಿಂದ, ಗ್ರೀಕರೆಲ್ಲರೂ ಅವರ ಬಾಯಲ್ಲಿ 'ಯೌನ'ರಾದರು. ಅದೇ ಸಾಮ್ರಾಜ್ಯದ ಮೂಡಣ ಅಂಚಿನಲ್ಲಿತ್ತು ಗಾಂಧಾರ. ಆ ಸೀಮೆಯ ಪಾಣಿನಿಗೆ ಯವನ ಶಬ್ದ ಗೊತ್ತಿತ್ತು. ಅಂದರೆ ಅಲೆಕ್ಸಾಂಡರನ ಕುದುರೆಗಳಿಗಿಂತ ಮುಂಚೆಯೇ ಅವನ ಜನರ ಹೆಸರು ಇಲ್ಲಿಗೆ ಬಂದಿರಬೇಕು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಹೀಬ್ರೂವಿನ ಯಾವಾನ್, ಅರಬ್ಬಿಯ ಯೂನಾನ್ ಕೂಡ ಇದೇ ಬೇರಿನವು. ನಮ್ಮ ಪೇಟೆಗಳಲ್ಲಿ ಬೋರ್ಡು ಹಾಕಿರುವ ಯುನಾನಿ ದವಾಖಾನೆಯೂ ಅಷ್ಟೇ!

ನಮ್ಮ ಪುರಾಣಕಾರರಿಗೆ ಈ ಭೂಗೋಳ ಬೇಕಿರಲಿಲ್ಲ. ವಿಶ್ವಾಮಿತ್ರನ ಸೇನೆಯನ್ನು ಎದುರಿಸಲು ವಸಿಷ್ಠರ ಹಸುವಿನ ಯೋನಿಯಿಂದ ಯವನರು ಹುಟ್ಟಿದರು ಎನ್ನುತ್ತದೆ ರಾಮಾಯಣ. ಯೋನ, ಯೋನಿ ಎಂಬ ಪ್ರಾಸವೇ ಕಥೆಯನ್ನು ಹೆತ್ತಿದೆ ಎಂದು ನನಗನ್ನಿಸುತ್ತದೆ.

ಆದರೆ ನಿಜವಾದ ಯವನನೊಬ್ಬನನ್ನು ನೋಡಬೇಕೆಂದರೆ ಮಧ್ಯಪ್ರದೇಶದ ವಿದಿಶಾದ ಬಳಿಯ ಬೇಸ್‌ನಗರಕ್ಕೆ ಹೋಗಬೇಕು. ಕ್ರಿ.ಪೂ. 2ನೇ ಶತಮಾನದಲ್ಲಿ ತಕ್ಷಶಿಲೆಯಿಂದ ರಾಯಭಾರಿಯಾಗಿ ಬಂದ ಹೆಲಿಯೊಡೋರಸ್ ಅಲ್ಲಿ ವಾಸುದೇವನಿಗೆ ಗರುಡಗಂಬ ನಿಲ್ಲಿಸಿ, ತನ್ನನ್ನು ಭಾಗವತನೆಂದು ಬರೆಸಿಕೊಂಡ. ಪುಣೆ ಹತ್ತಿರದ ಕಾರ್ಲೆಯ ಬೌದ್ಧ ಚೈತ್ಯದಲ್ಲಿ ಕಂಬಗಳನ್ನು ದಾನ ಕೊಟ್ಟ ಯವನರ ಹೆಸರುಗಳಿವೆ. ಅವರಲ್ಲಿ ಹಲವರದು ಅಪ್ಪಟ ಭಾರತೀಯ ಹೆಸರು. ಅವರು ಗ್ರೀಕರೋ ಅಲ್ಲವೋ ಎಂಬ ಚರ್ಚೆ ಮುಗಿದಿಲ್ಲ.

ತಮಿಳಿನ ಸಂಗಂ ಕವಿಗಳು ಹಡಗಿನಲ್ಲಿ ಚಿನ್ನ ತಂದು ಮೆಣಸು ಒಯ್ಯುವ ಯವನರನ್ನು ಬಣ್ಣಿಸಿದರು. ಅವರು ರೋಮನ್ ಸಾಮ್ರಾಜ್ಯದ ವರ್ತಕರು. ಹೀಗೆ ಹೆಸರು ಜನಾಂಗದಿಂದ ಜಾರಿ ದಿಕ್ಕಿಗೆ ಅಂಟಿತು: ಪಡುವಣದಿಂದ ಬಂದವರೆಲ್ಲ ಯವನರೇ. ಗ್ರೀಕರು ಮರೆಯಾದ ಮೇಲೆ ತುರುಷ್ಕರಿಗೂ ಅದೇ ಹೆಸರಾಯಿತು. ವಿಜಯನಗರದ ಕೃಷ್ಣದೇವರಾಯನಿಗೆ 'ಯವನರಾಜ್ಯ ಸ್ಥಾಪನಾಚಾರ್ಯ' ಎಂಬ ಬಿರುದು ಬಂದದ್ದು ಬಹಮನಿ ಸುಲ್ತಾನನನ್ನು ಮತ್ತೆ ಗದ್ದುಗೆಯ ಮೇಲೆ ಕೂರಿಸಿದ್ದಕ್ಕೆ.