ಔಂಧದ ಗುಡ್ಡದಲ್ಲಿ ನಮಗೂ ಪಾಲಿದೆ



ರಜೆ ಸಿಕ್ಕಿತೆಂದರೆ ನಾವು ಊರಿಗೆ ಓಡುವವರು. ಪುಣೆ ದಾಟಿ ಮೀರಜದ ಕಡೆಗೆ ಸಾಗುವಾಗ ರಹಿಮತಪುರ ನಿಲ್ದಾಣ ಬರುತ್ತದೆ. ನಮ್ಮಲ್ಲಿ ಎಷ್ಟು ಜನ ಅಲ್ಲಿ ಇಳಿದಿದ್ದೇವೆ? ಅಲ್ಲಿಂದ ಔಂಧ ದೂರವಲ್ಲ.

ಔಂಧ ಸಣ್ಣ ಊರು. ಯಮಾಯಿ ದೇವಿಯ ಗುಡ್ಡ ಹತ್ತುವಾಗ ನಡುದಾರಿಯಲ್ಲಿ ಶ್ರೀ ಭವಾನಿ ವಸ್ತುಸಂಗ್ರಹಾಲಯವಿದೆ. ಸಂಸ್ಥಾನದ ದೊರೆ ಭವಾನರಾವ್ ಪಂತ ಪ್ರತಿನಿಧಿಯವರು 1938ರಲ್ಲಿ ಸ್ಥಾಪಿಸಿದ್ದು. ದೊರೆ ಸ್ವತಃ ಚಿತ್ರಕಾರರು. ರವಿವರ್ಮನ ಚಿತ್ರಗಳು ಅಲ್ಲಿವೆ. ಇಂಗ್ಲೆಂಡಿನ ಹೆನ್ರಿ ಮೂರ್ ಕಡೆದ ತಾಯಿ-ಮಗುವಿನ ಕಲ್ಲಿನ ಮೂರ್ತಿಯೂ ಇದೆ! ಇಂಥದನ್ನು ಮುಂಬಯಿಯಲ್ಲಿಟ್ಟಿದ್ದರೆ ದೊಡ್ಡವರು ಬಂದು ಹೊಗಳುತ್ತಿದ್ದರು. ಇಲ್ಲಿಯಾದರೋ ದೇವಿಗೆ ಕಾಯಿ ಒಡೆಸಲು ಬಂದ ರೈತ, ತಲೆಯ ಮೇಲೆ ಸೆರಗು ಹೊದ್ದ ಅವನ ತಾಯಿ, ಅದೇ ದಾರಿಯಲ್ಲಿ ಒಳಹೊಕ್ಕು ನೋಡಬಹುದು. ಕಲೆ ಪಟ್ಟಣದವರ ಸೊತ್ತೆಂದು ಆ ದೊರೆ ತಿಳಿಯಲಿಲ್ಲ. ರಾಜ್ಯಭಾರವನ್ನೂ ಹಾಗೆಯೇ 1939ರಲ್ಲಿ ಪ್ರಜೆಗಳಿಗೆ ಬಿಟ್ಟುಕೊಟ್ಟರು.

ಇನ್ನೊಂದು ಮಾತು ನಮ್ಮವರಿಗೇ ಗೊತ್ತಿಲ್ಲ. ವಿಜಾಪುರ ಜಿಲ್ಲೆಯ ಗುಣದಾಳ ಇದೇ ಔಂಧ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿಯ ಕನ್ನಡ ಒಕ್ಕಲಿಗ ಕಟ್ಟಿದ ಕಂದಾಯ ಔಂಧದ ಬೊಕ್ಕಸಕ್ಕೇ ಹೋಗುತ್ತಿತ್ತು. ಹಾಗಿರಲು ಆ ಗುಡ್ಡದ ಮೇಲೆ ನಾವು ಬರಿಯ ನೋಟಗಾರರಲ್ಲ, ಪಾಲುಗಾರರು. ಪಾಲುಗಾರರಾದವರು ಹೋಗಿ ನೋಡದಿದ್ದರೆ ಹೇಗೆ?

ನಮ್ಮ ಊರುಗಳಲ್ಲಿ ಅಜ್ಜಿಯ ಕಾಲದ ಹಿತ್ತಾಳೆ ಸಮೆಗಳು ಗುಜರಿಯವನ ತಕ್ಕಡಿ ಏರುತ್ತಿವೆ. ಔಂಧ ನೋಡಿದ ಮೇಲೆ ಅವನ್ನು ತೂಗಿ ಕೊಡಲು ಕೈ ಬಾರದು. ಮುಂದಿನ ರಜೆಗೆ ಹೊರಡೋಣ, ಮಕ್ಕಳನ್ನೂ ಕರೆತನ್ನಿ; ಬುತ್ತಿಗೆ ರೊಟ್ಟಿ-ಚಟ್ನಿ ಸಾಕು.