ಕಾಪಿ ಹೊಡೆಯೋಕಾಗದ ಲ್ಯಾಬು

ನಾನು ಇಂಜಿನಿಯರಿಂಗ್ ಓದಿದವನು. ಪಂಪ್ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೇನೆ, ಒಂದೇ ಒಂದು ಪಂಪ್ ಬಿಚ್ಚಿಲ್ಲ. ಲ್ಯಾಬಿನ ರೀಡಿಂಗು? ಸೀನಿಯರ್ ರೆಕಾರ್ಡಿನಿಂದ ಕಾಪಿ!

ಈಗ ನ್ಯೂಯಾರ್ಕ್ ನೋಡಿ. ಹಡಗು ನಡೆಸೋರನ್ನ ತಯಾರು ಮಾಡೋ ಸರ್ಕಾರಿ ಕಾಲೇಜೊಂದು ಅಲ್ಲಿದೆ. ಬೇಸಿಗೆ ಬಂತೆಂದರೆ ಅದರ ವಿದ್ಯಾರ್ಥಿಗಳು ‘ಎಂಪೈರ್ ಸ್ಟೇಟ್’ ಹಡಗು ಹತ್ತಿ ಸಮುದ್ರಕ್ಕಿಳಿಯುತ್ತಾರೆ. 2023ರಲ್ಲಿ ಬಂದ ಹೊಸ ಹಡಗಿನಲ್ಲಿ 600 ಕೆಡೆಟ್‌ಗಳಿಗೆ ಜಾಗ. ಕ್ರೂಸ್ ಅಂದ್ರೆ ಡೆಕ್ ಮೇಲೆ ಕಾಲು ಚಾಚಿ ಜ್ಯೂಸ್ ಕುಡಿಯೋದಲ್ಲ ಸ್ವಾಮಿ. ಪಾಠ, ತುಕ್ಕು ಕೆರೆದು ಬಣ್ಣ ಬಳಿಯೋ ಕೆಲಸ, ಪಹರೆ, ಎಲ್ಲಾ ಸರದಿ ಪ್ರಕಾರ. ನಡುರಾತ್ರಿ ಸರದಿ ಬಂದರೆ ನಡುರಾತ್ರಿಯೇ ಏಳಬೇಕು. ಜಿಪಿಎಸ್ ಇದ್ದರೂ ಡೆಕ್ಕಿನವರು ಸೆಕ್ಸ್‌ಟಂಟ್ ಹಿಡಿದು, ಸೂರ್ಯನ ಎತ್ತರ ಅಳೆದು, ಹಡಗು ಎಲ್ಲಿದೆ ಅಂತ ಲೆಕ್ಕ ಹಾಕೋದು ಕಲಿಯುತ್ತಾರೆ. ಇಂಜಿನ್ ರೂಮಿನವರು ಟಾರ್ಚ್ ಹಿಡಿದು ಒಂದೊಂದೇ ಪೈಪಿನ ಜಾಡು ಹುಡುಕಿ ಕೈಯಾರೆ ನಕ್ಷೆ ಬರೆಯುತ್ತಾರೆ.

ರೀಡಿಂಗ್ ಬರೆಯೋ ಪುಸ್ತಕ ಅಲ್ಲೂ ಇದೆ. ಬೇರಿಂಗ್ ಬಿಸಿಯಾಗ್ತಿದೆ, ನೋಡೋಕೆ ಸೋಮಾರಿತನ, ಹಿಂದಿನ ಗಂಟೆಯ ಅಂಕಿಯನ್ನೇ ಬರೆದುಬಿಟ್ಟರೆ? ಮೇಲೆ ನೂರಾರು ಗೆಳೆಯರು ಮಲಗಿದ್ದಾರೆ, ಸುತ್ತ ಬರೀ ನೀರು.

ನನ್ನ ಕಾಪಿ ರೆಕಾರ್ಡಿಗೆ ಹತ್ತಕ್ಕೆ ಒಂಬತ್ತು ಕೊಟ್ಟಿದ್ದರು.